ಹರಿಣಾಕ್ಷಿ ಓದಿ ನಿಲ್ಲಿಸಿದ ಅಧ್ಯಾಯ

ಹರಿಣಾಕ್ಷಿ ತೀರಿಕೊಂಡ ಹದಿನಾಲ್ಕನೆಯ ದಿನ ಆಕೆಯ ಗಂಡ ಶಂಭು ಡೊಂಬಿವಲಿಯಿಂದ ನವಿ ಮುಂಬಯಿಗೆ ಬಂದು, ವಿಶ್ವವಿದ್ಯಾಲಯದ ಗ್ರಂಥಾಲಯದ ಕೌಂಟರಿನ ಮೇಲೆ ಒಂದು ಬಟ್ಟೆಚೀಲ ಇಟ್ಟರು. ಒಳಗೆ ಸಮಾಜಶಾಸ್ತ್ರದ ದಪ್ಪ ಪುಸ್ತಕವೊಂದಿತ್ತು, ಗ್ರಂಥಾಲಯದ್ದೇ ಆದ ಅಂಗೈಯಗಲದ ರೆಕಾರ್ಡರ್ ಇತ್ತು. ಅದು ಮನೆಯ ಮೇಜಿನ ಮೇಲೆ ಹಾಗೇ ಇತ್ತು, ತಾನೇನೂ ಮುಟ್ಟಿಲ್ಲ ಎಂದು ಹೇಳಿ, ನೀರು ಕೂಡ ಕುಡಿಯದೆ ಹೊರಟುಹೋದರು.

ಚೀಲ ತೆಗೆದುಕೊಂಡವಳು ಸಹಾಯಕ ಗ್ರಂಥಪಾಲಕಿ ಕಾಂಚನಾ. ವಿಜಯಪುರದ ಕಡೆಯವರ ಮಗಳು, ಇರುವುದು ಕಲ್ಯಾಣದಲ್ಲಿ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸಿ ಕೊಡುವ ಸೇವೆ ಅವಳ ಸುಪರ್ದಿನಲ್ಲಿತ್ತು. ಹದಿನೈದಿಪ್ಪತ್ತು ಜನ ಹವ್ಯಾಸಿ ಓದುಗರು ರೆಕಾರ್ಡರ್ ಮನೆಗೊಯ್ದು ಓದಿ ತರುತ್ತಿದ್ದರು. ಅವರಲ್ಲಿ ಉಡುಪಿಯ ಹರಿಣಾಕ್ಷಿಯಂಥವರು ಇನ್ನೊಬ್ಬರಿರಲಿಲ್ಲ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ನಾಲ್ಕು ವರ್ಷಗಳಲ್ಲಿ ಹನ್ನೊಂದು ಪುಸ್ತಕ ಓದಿದ್ದರು. ಒಂದಕ್ಷರ ತಪ್ಪಿದರೂ ಕ್ಷಮಿಸಿ ಎಂದು ಹೇಳಿ ಸಾಲನ್ನು ಮತ್ತೆ ಓದುವರು. ನಡುವೆ ಕುಕ್ಕರ್ ಕೂಗಿದರೆ ಅದು ಮುಗಿಯುವವರೆಗೆ ಸುಮ್ಮನಿರುವರು. ವಿದ್ಯಾರ್ಥಿಗಳಿಗೆ ಆ ಮನೆ ಒಳಹೊಕ್ಕು ನೋಡಿದಷ್ಟು ಪರಿಚಯವಾಗಿತ್ತು.

ಓದಿ ತಂದದ್ದನ್ನು ಪೂರ್ತಿ ಕೇಳಿ ಸರಿನೋಡಿಯೇ ವಿದ್ಯಾರ್ಥಿಗಳಿಗೆ ಕೊಡಬೇಕೆಂಬುದು ಕಾಂಚನಾ ತಾನೇ ಮಾಡಿದ ನಿಯಮ. ಆದರೆ ಈ ರೆಕಾರ್ಡರನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ಕೊನೆಯ ಫೈಲಿನ ಉದ್ದವನ್ನಷ್ಟೇ ನೋಡಿದ್ದಳು, ಒಂದು ಗಂಟೆ ಐವತ್ತು ನಿಮಿಷ. ಹರಿಣಾಕ್ಷಿ ಯಾವತ್ತೂ ಒಂದೇ ಬಾರಿಗೆ ಅಷ್ಟು ಹೊತ್ತು ಓದಿದವರಲ್ಲ.

ತೀರಿಕೊಂಡ ಆ ಮಂಗಳವಾರ ಬೆಳಿಗ್ಗೆ ಹರಿಣಾಕ್ಷಿಯೇ ಫೋನು ಮಾಡಿದ್ದರು. ಎರಡು ದಿನದಿಂದ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ, ಡಾಕ್ಟರಿಗೆ ತೋರಿಸಿ ಬಂದು ಆಮೇಲೆ ಓದುತ್ತೇನೆ ಎಂದಿದ್ದರು. ಪರೀಕ್ಷೆಗೆ ಒಂದು ತಿಂಗಳೂ ಉಳಿದಿರಲಿಲ್ಲ. "ಆರನೇ ಅಧ್ಯಾಯ ಒಂದ್ ಮುಗಿಸಿಬಿಡ್ರಿ ಅಕ್ಕಾ, ಡಾಕ್ಟರ್ ಸಂಜೀಕೂ ಇರ್ತಾರ," ಎಂದಿದ್ದಳು ಕಾಂಚನಾ. ಹರಿಣಾಕ್ಷಿ ನಕ್ಕು ಆಯ್ತು ಎಂದಿದ್ದರು. ಸಂಜೆ ಶಂಭು ಠಾಣೆಯ ತಮ್ಮ ಹೋಟೆಲಿನಿಂದ ಮನೆಗೆ ಬಂದಾಗ ಅವರು ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು.

ಪುಸ್ತಕ ಬೇಕಾಗಿದ್ದದ್ದು ಎಂ.ಎ. ಓದುತ್ತಿದ್ದ ವಿಠಲನಿಗೆ. ಹುಟ್ಟಿನಿಂದಲೇ ಕಣ್ಣಿಲ್ಲದವನು. ಅಪ್ಪ ತುರ್ಭೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು. ಅವನು ಎರಡು ದಿನಕ್ಕೊಮ್ಮೆ ಬಂದು ಆರನೆಯ ಅಧ್ಯಾಯ ಬಂತೇ ಎಂದು ಕೇಳುತ್ತಿದ್ದ. ಮೇಡಂ ಊರಿಗೆ ಹೋಗಿದ್ದಾರೆಂದು ಕಾಂಚನಾ ಸುಳ್ಳು ಹೇಳಿದಳು. ಮರುವಾರವೂ ಅದನ್ನೇ ಹೇಳಿದಳು. ಓದಿದಷ್ಟನ್ನಾದರೂ ಕೊಡಿ ಎಂದು ಅವನು ಅಂಗಲಾಚಿದಾಗ, ಡ್ರಾಯರಿನ ಬೀಗ ತೆಗೆದು, ತಾನು ಕೇಳದೆಯೇ ಆ ಫೈಲನ್ನು ಅವನ ಫೋನಿಗೆ ಹಾಕಿಕೊಟ್ಟಳು. ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೆ ಬಿಡು, ಉಳಿದದ್ದನ್ನು ಬೇರೆಯವರಿಂದ ಓದಿಸುತ್ತೇನೆ ಎಂದಳು.

ಮರುದಿನ ಹತ್ತು ಗಂಟೆಗೆ ಅವನು ಕೌಂಟರಿನ ಮುಂದೆ ನಿಂತಿದ್ದ. ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಇಪ್ಪತ್ತಾರನೇ ನಿಮಿಷಕ್ಕ ಓದೂದು ನಿಲ್ತದರಿ. ‘ಒಂಜಿ ನಿಮಿಷ’ ಅಂತಾರ. ಅದು ತುಳು, ಒಂದ್ ನಿಮಿಷ ಅಂತ, ನಮ್ಮ ಹಾಸ್ಟೆಲ್‌ದಾಗ ಒಬ್ಬ ಹೇಳಿದ. ಮತ್ತ ಓದ್ತಾರಂತ ನಾ ಕಾಯ್ಕೋತ ಕುಂತೆ."

ಕಾಂಚನಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

"ಉಸುರು ಕೇಳಸ್ತಿತ್ತು. ಆಮ್ಯಾಲ ಫೋನ್ ಬಂತು. ಮೂರ್ ಸಲ ಬಂತ್ರಿ. ಮೊದಲ್ನೇದಕ್ಕ ಉಸುರಿತ್ತು. ಎರಡ್ನೇದಕ್ಕೂ ಇತ್ತು. ಮೂರ್ನೇದಕ್ಕ ಇರಲಿಲ್ಲ." ಆಮೇಲೆ ಅವನು ಕೇಳಿದ, "ಮೇಡಂ ಊರಿಗೆ ಹೋಗಿಲ್ಲಲ್ರಿ?"

ಇಲ್ಲ ಎಂದಳು. ಅವನು ತಲೆಯಾಡಿಸಿ, ತಡವರಿಸುತ್ತ ಹೋಗಿ ಓದುಕೋಣೆಯ ಬೆಂಚಿನ ಮೇಲೆ ಕುಳಿತ. ಆ ದಿನವಿಡೀ ಫೋನಿನಲ್ಲಿ ಯಾವ ಪಾಠವನ್ನೂ ಕೇಳಲಿಲ್ಲ.

ಮೂರು ಸಲ ಫೋನು ಮಾಡಿದವಳು ಕಾಂಚನಾಳೇ. ಅಧ್ಯಾಯ ಮುಗಿಯಿತೇ ಎಂದು ವಿಚಾರಿಸಲು. ಎರಡು ನಲವತ್ತೊಂದು, ಎರಡು ಐವತ್ತೈದು, ಮೂರು ಇಪ್ಪತ್ತು, ಅವಳ ಮೊಬೈಲಿನಲ್ಲಿ ಇನ್ನೂ ಹಾಗೇ ಇದ್ದವು. ಉಂಡು ಮಲಗಿರಬೇಕು ಅಂದುಕೊಂಡಿದ್ದಳು. ಮೂರನೆಯ ಸಲ ತುಸು ಸಿಟ್ಟೂ ಬಂದಿತ್ತು.

ಮಧ್ಯಾಹ್ನ ಧ್ವನಿಮುದ್ರಣದ ಪುಟ್ಟ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದಳು. ಒಂದು ವಾಕ್ಯದ ನಡುವೆ ಹರಿಣಾಕ್ಷಿ ಓದು ನಿಲ್ಲಿಸಿದರು. ಯಾರಿಗೋ ಹೇಳುವಂತೆ ಮೆಲ್ಲಗೆ, ಒಂಜಿ ನಿಮಿಷ ಎಂದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಫ್ಯಾನು ತಿರುಗುವ ಸದ್ದು, ದೂರದಲ್ಲಿ ಲೋಕಲ್ ರೈಲು ಹೋದ ಸದ್ದು. ಉಸಿರು ಹತ್ತಿರದಲ್ಲೇ, ಒರಟಾಗಿ. ಆಮೇಲೆ ಫೋನು ಬಡಿದುಕೊಂಡಿತು. ಅದು ಎಷ್ಟು ಹೊತ್ತು ಬಡಿದುಕೊಂಡಿತೆಂದರೆ, ಕಾಂಚನಾ ಆ ಕೋಣೆಯಲ್ಲಿ ಕೂತು, ಯಾರಾದರೂ ಎತ್ತಿಕೊಳ್ಳಿ ಎಂದು ಬಾಯಿಬಿಟ್ಟು ಹೇಳಿದಳು. ವಿಠಲ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂರನೆಯ ಕರೆಯ ಹೊತ್ತಿಗೆ ಫ್ಯಾನಿನ ಸದ್ದೊಂದೇ ಉಳಿದಿತ್ತು. ಬ್ಯಾಟರಿ ತೀರುವವರೆಗೂ ಅದೇ.

ಅಂದಿನಿಂದ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲದಾಯಿತು. ಟ್ರೇನಿನಲ್ಲಿ ಯಾರದೋ ಪರ್ಸಿನೊಳಗೆ ರಿಂಗಾಗುತ್ತಿದ್ದರೆ, ಎತ್ತಿಕೊಳ್ಳಿ ಎಂದು ಅಪರಿಚಿತ ಹೆಂಗಸರಿಗೆ ಹೇಳಿ ಬೈಸಿಕೊಂಡಳು.

ಆ ಶನಿವಾರ ಗ್ರಂಥಾಲಯದಲ್ಲಿ ಓದುಗರೂ ವಿದ್ಯಾರ್ಥಿಗಳೂ ವರ್ಷಕ್ಕೊಮ್ಮೆ ಭೇಟಿಯಾಗುವ ಕಾರ್ಯಕ್ರಮ. ಹರಿಣಾಕ್ಷಿಯ ಪರವಾಗಿ ಶಂಭು ಬಂದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅವರ ಕೈಹಿಡಿದು ಮಾತಾಡಿಸಿದರು. ಚಹಾದ ಹೊತ್ತಿಗೆ ಕಾಂಚನಾ ಅವರನ್ನು ಪತ್ರಿಕೆಗಳ ಸ್ಟ್ಯಾಂಡಿನ ಹಿಂದಕ್ಕೆ ಕರೆದೊಯ್ದಳು. ಬೆಳಗಿನ ಮಾತು, ಡಾಕ್ಟರ್ ವಿಷಯ, ಮೂರು ಕರೆ, ಉಸಿರು, ಎಲ್ಲವನ್ನೂ ಹೇಳಿದಳು. ಎರಡನೆಯ ಸಲ ಎತ್ತದಿದ್ದಾಗ ನಿಮಗೋ ಪಕ್ಕದ ಮನೆಗೋ ತಿಳಿಸಿದ್ದರೆ ಬದುಕುತ್ತಿದ್ದರೇನೋ ಎಂದಳು.

ಶಂಭು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ನೀವು ಮೂರು ಸಲ ಮಾಡಿದ್ರಿ. ನಾನು ಒಂದು ಸಲವೂ ಮಾಡ್ಲಿಲ್ಲ," ಎಂದರು. "ಉಬ್ಬಸ ಉಂಟು ಅಂತ ನಂಗೂ ಗೊತ್ತಿತ್ತು. ಮಧ್ಯಾಹ್ನದ ಊಟದ ರಶ್ ಮುಗಿದ ಮೇಲೆ ಗಲ್ಲಾದಲ್ಲಿ ಕೂತು ಪೇಪರ್ ಓದಿದೆ. ಫೋನು ಎದುರಿಗೇ ಇತ್ತು."

ಅವಳು ಕ್ಷಮೆ ಕೇಳಿದಳು. ಶಂಭು, ಓದಿದ ಭಾಗವನ್ನಷ್ಟೇ ತನಗೆ ಕೊಡಬೇಕು, ಆಮೇಲಿನದು ಬೇಡ, ಆದರೆ ಅದನ್ನು ಅಳಿಸಲೂಬಾರದು ಎಂದು ಕೇಳಿಕೊಂಡರು. ಅವಳು ಒಪ್ಪಿದಳು. ಓದು ನಿಂತ ಮೇಲಿನ ಆ ಎಂಬತ್ತನಾಲ್ಕು ನಿಮಿಷ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಈಗಲೂ ಇದೆ. ಅದನ್ನು ತೆರೆಯುವ ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತು.

ಆರನೆಯ ಅಧ್ಯಾಯದ ಉಳಿದರ್ಧವನ್ನು ಬೇರೆ ಯಾರಿಗೂ ಕೊಡದೆ ಕಾಂಚನಾ ತಾನೇ ಓದಿದಳು. ಅರ್ಧಕ್ಕೆ ನಿಂತ ವಾಕ್ಯವನ್ನು ಮೊದಲಿನಿಂದ ಓದಬೇಕೆ, ನಿಂತಲ್ಲಿಂದಲೇ ಮುಂದುವರಿಸಬೇಕೆ ಎಂದು ಬಹಳ ಹೊತ್ತು ತಿಳಿಯಲಿಲ್ಲ. ಕಡೆಗೆ ನಿಂತಲ್ಲಿಂದಲೇ ಹಿಡಿದಳು. ಪರೀಕ್ಷೆಗೆ ಐದು ದಿನವಿರುವಾಗ ವಿಠಲನ ಕೈಸೇರಿತು. ಅವನು ಪಾಸಾದ. ಆ ಪತ್ರಿಕೆಯಲ್ಲಿ ಐವತ್ತೆಂಟು ಅಂಕ ಬಂತು. ಮುಂದಿನ ಸೆಮಿಸ್ಟರಿನ ಪುಸ್ತಕವನ್ನೂ ನೀವೇ ಓದಿ ಎಂದು ಕೇಳಿದ.

ಈಗ ಅವಳು ವಾರಕ್ಕೆರಡು ಮಧ್ಯಾಹ್ನ ಆ ಪುಟ್ಟ ಕೋಣೆಯಲ್ಲಿ ಕೂತು ಓದುತ್ತಾಳೆ, ಬಾಗಿಲು ಹಾಕದೆ. ಹೊರಗಿನ ಕುರ್ಚಿ ಎಳೆದ ಸದ್ದು, ಹುಡುಗಿಯರ ನಗು, ಕಾವಲುಗಾರನ ಕೆಮ್ಮು ಎಲ್ಲವೂ ಧ್ವನಿಮುದ್ರಣದೊಳಗೆ ಬರುತ್ತವೆ. ಗದ್ದಲ ಜಾಸ್ತಿ ಎಂದು ಇಬ್ಬರು ವಿದ್ಯಾರ್ಥಿಗಳು ದೂರು ಕೊಟ್ಟರು. ಮೇಲಿನವರು ಕರೆಸಿ ಕೇಳಿದಾಗ ಮುಂದಿನ ಸಲ ನೋಡುತ್ತೇನೆ ಎಂದಳು. ಮುಂದಿನ ಸಲವೂ ಬಾಗಿಲು ತೆರೆದೇ ಇತ್ತು.