ಕೊಟ್ಟ ಕಂಠ

ಮಳೆಗಾಲ ಹಿಡಿದಿತ್ತು, ಆದರೆ ನಡುನಡುವೆ ಹೊಳವು ಕೊಡುತ್ತಿತ್ತು. ಬೆಟ್ಟದ ಇಳಿಜಾರಿನಲ್ಲಿ ಜಾಯಿಕಾಯಿಗಳು ಮರದ ಮೇಲೇ ಬಾಯಿ ಬಿಟ್ಟು, ಗಾಳಿ ಬೀಸಿದಾಗ ಒಂದಿಷ್ಟು ಉದುರುತ್ತಿದ್ದವು. ಅಡಲೀನ್ ಬೆಳಗ್ಗೆಯೇ ಬಗ್ಗಿ ಬಗ್ಗಿ ಆರಿಸಿ ತಂದು, ಬಾಗಿಲ ಮುಂದೆ ಕೂತು, ಕಾಯಿಗೆ ಸುತ್ತಿಕೊಂಡಿದ್ದ ಕೆಂಪು ಜಾಪತ್ರೆಯನ್ನು ಹರಿಯದ ಹಾಗೆ ಬಿಡಿಸುತ್ತಿದ್ದಳು. ಆಗಾಗ ಹರಿಯುತ್ತಿತ್ತು.

ಪಕ್ಕದ ಮನೆಯ ಕ್ಲೆಮನ್ಸ್ ಬೇಲಿಗೆ ಒರಗಿ ನೋಡುತ್ತಿದ್ದಳು. ಊರಿಗೆಲ್ಲ ಹಿರಿಯಳು, ಎಲ್ಲರೂ ಟಾಂಟಿ, ಅಂದರೆ ದೊಡ್ಡಮ್ಮ, ಅನ್ನುತ್ತಿದ್ದರು.

"ಮಗಳು ಸಮುದ್ರ ದಾಟಿ ಹಾಡೋಕೆ ಬರ್ತಾವ್ಳೆ, ನೀನು ನೋಡಿದ್ರೆ ಜಾಪತ್ರೆ ಕೆಡಿಸ್ತಾ ಕೂತಿದೀಯ."

"ಕೈ ಸುಮ್ನಿದ್ರೆ ತಲೆ ಓಡ್ತದೆ ಟಾಂಟಿ."

"ಓಡಲಿ ಬಿಡು. ಇವತ್ತಾದ್ರೂ ಬಾಯಲ್ಲಿ ಜಾಪತ್ರೆ ಇಟ್ಕೊಂಡು ಚರ್ಚಿಗೆ ಬರಬೇಡ. ಪಾದ್ರಿಗೆ ನಿನ್ನ ಮುಖ ನೋಡಿದ್ರೆ ಹಲ್ಲುನೋವು ಬಂದಂಗಾಗ್ತದಂತೆ."

ಅಡಲೀನ್ ನಗಲಿಲ್ಲ. ಚರ್ಚಿನಲ್ಲಿ ಹಾಡು ಎದ್ದಾಗಲೆಲ್ಲ ಅವಳು ಒಂದೆಸಳು ಜಾಪತ್ರೆಯನ್ನು ನಾಲಗೆಯ ಕೆಳಗೆ ಒತ್ತಿಕೊಳ್ಳುತ್ತಿದ್ದಳು. ಅದೊಂದು ಚಟ ಎಂದು ಊರು ತಿಳಿದಿತ್ತು. ನಿಜ ಬೇರೆಯಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಗಳು ಲೂಸೆಟ್ ಇನ್ನೂ ಮಡಿಲ ಕೂಸಾಗಿದ್ದಾಗ ಗಂಟಲಮಾರಿ ಬಂದು ಉಸಿರು ಕಟ್ಟಿ ನೀಲಿಯಾಗಿದ್ದಳು. ಆಗ ಊರಿನ ಹಾಡೆಂದರೆ ಅಡಲೀನಳದೇ. ಅವಳು ಚರ್ಚಿನ ನೆಲಕ್ಕೆ ಮೊಣಕಾಲೂರಿ, "ನನ್ನ ಕಂಠ ನಿನಗೆ ಕೊಟ್ಟೆ, ಕೂಸಿನ ಕಂಠ ನನಗೆ ಬಿಡು" ಎಂದು ದೇವರನ್ನು ಬೇಡಿಕೊಂಡಿದ್ದಳು. ಕೂಸು ಉಳಿಯಿತು. ಅಂದಿನಿಂದ ಅವಳು ಒಂದು ಸಾಲನ್ನೂ ಗುನುಗಿರಲಿಲ್ಲ; ಕೇಳಿದವರಿಗೆಲ್ಲ, ಮಗಳಿಗೂ, ದನಿ ಬಿದ್ದುಹೋಯಿತು ಎನ್ನುತ್ತಿದ್ದಳು. ಗುನುಗಿದರೆ ಕೊಟ್ಟದ್ದನ್ನು ಕಿತ್ತುಕೊಂಡಂತೆ. ಅವನೂ ತಾನು ಬಿಟ್ಟದ್ದನ್ನು ಕಿತ್ತುಕೊಂಡರೆ?

ಮಧ್ಯಾಹ್ನ ಕ್ಯಾರಿಯಾಕು ದ್ವೀಪದ ಹಾಡುವ ತಂಡ ಬಸ್ಸಿನಿಂದ ಇಳಿಯಿತು. ದೋಣಿಯಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡಿದ್ದರು. ಆ ದ್ವೀಪದಲ್ಲಿ ಮೇಷ್ಟರ ಕೆಲಸ ಮಾಡುವ ಲೂಸೆಟ್ ಬಿಳಿ ನಿಲುವಂಗಿಯನ್ನು ತೋಳ ಮೇಲೆ ಹಾಕಿಕೊಂಡು ಬಂದು ಅವ್ವನನ್ನು ತಬ್ಬಿದಳು. ಮೈ ಬೆಚ್ಚಗಿತ್ತು.

"ಜ್ವರ ಏನೇ?"

"ಗಾಳಿ ಹೊಡೀತು ಅಷ್ಟೇ ಅವ್ವ. ಮುಂದಿನ ಬೆಂಚಲ್ಲಿ ಕೂತ್ಕೋ. ಯಾವತ್ತೂ ಹಿಂದೆ ಅಡಗ್ತೀಯ."

ಚರ್ಚಿನಲ್ಲಿ ಅಡಲೀನ್ ಮುಂದೆಯೇ ಕೂತಳು. ರೇಡಿಯೋದಲ್ಲಿ ಕೇಳುವುದಾದರೆ ಗುಂಡಿ ತಿರುಗಿಸಿ ನಿಲ್ಲಿಸಬಹುದು. ಇಲ್ಲಿ ತಿರುಗಿಸಲು ಗುಂಡಿಯಿಲ್ಲ. ಹಾಡಿಗೆ ಮೊದಲು ಅಷ್ಟೂ ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಕೇಳಿಸಿತು, ಆಮೇಲೆ ಗಂಡಸರ ತಗ್ಗುದನಿ ಬೆಂಚಿನ ಹಲಗೆಯೊಳಗಿಂದ ಬಂದು ಬೆನ್ನುಹುರಿ ಹತ್ತಿತು. ಅವಳ ದನಿ ತಾನಾಗಿ ಗಂಟಲಿಗೆ ಬಂತು. ಅವಳು ಜಾಪತ್ರೆಯನ್ನು ಕಚ್ಚಿದಳು. ಖಾರ ಕಣ್ಣಿಗೇರಿತು. ಮುಂದಿನ ಹಾಡಿಗೆ ಇನ್ನೊಂದೆಸಳು. ಪಕ್ಕದಲ್ಲಿ ಕ್ಲೆಮನ್ಸ್ ಕಣ್ಣು ಮುಚ್ಚಿ ತೂಗಾಡುತ್ತಿದ್ದಳು. ಇಡೀ ಚರ್ಚು ತೇಲುತ್ತಿತ್ತು. ಅಡಲೀನ್ ಒಬ್ಬಳೇ ಬೆಂಚಿನ ಅಂಚನ್ನು ಹಿಡಿದು ಮುಳುಗದ ಹಾಗೆ ಕೂತಿದ್ದಳು.

ಕೊನೆಯ ಹಾಡಿಗೆ ಲೂಸೆಟ್ ಒಬ್ಬಳೇ ಮುಂದೆ ಬಂದಳು. ಮೊದಲ ಸಾಲು ಎತ್ತಿದಾಗ ಅಡಲೀನ್ ಗುರುತಿಸಿದಳು: ಅದು ತನ್ನದೇ ದನಿ, ಹದಿಹರೆಯದಲ್ಲಿ ಇದೇ ಗೋಡೆಗಳಿಗೆ ಬಡಿದಿದ್ದ ದನಿ. ಎರಡನೆಯ ಚರಣದ ನಡುವೆ ಅದು ತಟ್ಟನೆ ನಿಂತಿತು. ಲೂಸೆಟ್ ಕುತ್ತಿಗೆಗೆ ಕೈ ಇಟ್ಟುಕೊಂಡಳು. ಬಾಯಿ ತೆರೆದಿತ್ತು, ಸದ್ದಿಲ್ಲ.

ಯಾರೂ ಮುಂದುವರಿಸಲಿಲ್ಲ. ಆ ಸೀಮೆಯಲ್ಲಿ ನಡುವೆ ನಿಂತ ಹಾಡನ್ನು ಹಾಡುವವರ ಮನೆಯವರೇ ಎತ್ತಬೇಕು. ಬೇರೆಯವರು ಎತ್ತಿದರೆ ಆ ಮನೆಗೆ ಕೇಡು. ಎಲ್ಲರ ಮುಖ ಅಡಲೀನಳ ಕಡೆ ತಿರುಗಿತು. ಮಗಳ ಮುಖವೂ.

ಹಾಡಿದರೆ ಹರಕೆ ಮುರಿಯಿತು. ಹಾಡದಿದ್ದರೆ ಎದುರಿಗೇ ಆ ಗಂಟಲು ಮತ್ತೆ ಮುಚ್ಚುತ್ತಿದೆ, ಅಂದಿನ ಹಾಗೆಯೇ. ಯಾವುದಕ್ಕೆ ಹೆದರಬೇಕೆಂದು ತಿಳಿಯುವ ಮೊದಲೇ ಅವಳು ಎದ್ದು ನಿಂತಿದ್ದಳು. ಜಾಪತ್ರೆ ಕೆಳಗೆ ಬಿತ್ತು. ದನಿ ತುಕ್ಕು ಹಿಡಿದ ಕೀಲಿನ ಹಾಗೆ ಕಿರುಗುಟ್ಟಿ, ಅರ್ಧ ಸಾಲು ತಪ್ಪಿ, ಆಮೇಲೆ ದಾರಿ ಸಿಕ್ಕು ಏರಿತು. ಲೂಸೆಟ್ ಕೆಮ್ಮಿದಳು, ಉಸಿರೆಳೆದಳು, ಹಾಡನ್ನು ವಾಪಸು ತೆಗೆದುಕೊಂಡಳು. ಹಿಂದಿನಿಂದ ತಂಡವೆಲ್ಲ ಸೇರಿತು.

ಹಾಡು ಮುಗಿದ ಮೇಲೆ ಚರ್ಚಿನ ಹಿತ್ತಲಲ್ಲಿ, ತಂಡದ ಊಟಕ್ಕೆಂದು ತೆಂಗಿನಹಾಲಿನಲ್ಲಿ ದೀವಿಹಲಸು ಬೇಯುತ್ತಿತ್ತು. ಅಡಲೀನ್ ಒಲೆಯ ಹತ್ತಿರ ಕೂತು ಕ್ಲೆಮನ್ಸಳಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ಕ್ಲೆಮನ್ಸ್ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದಳು. "ಕೊಟ್ಟೆ ಅಂದ್ಯೋ, ಮುಚ್ಚಿಡ್ತೀನಿ ಅಂದ್ಯೋ?"

"ಕೊಟ್ಟೆ ಅಂದೆ."

"ಅಯ್ಯೋ ಪೆದ್ದಿ. ಪಾದ್ರಿಗೆ ಕೋಳಿ ಕೊಟ್ಟೆ ಅಂದೋಳು ತನ್ನ ಗೂಡಲ್ಲೇ ಕಟ್ಟಾಕ್ಕೊಂಡ್ರೆ ಅದು ಕೊಟ್ಟಂಗಾ? ದೇವ್ರ ಸೊತ್ತನ್ನ ಇಷ್ಟು ವರ್ಷ ನೀನೇ ಬಾಯಲ್ಲಿ ಇಟ್ಕೊಂಡು ಚೀಪ್ತಿದ್ದೆ." ಅಷ್ಟು ಹೇಳಿ ನಕ್ಕು, ಉಪ್ಪು ನೋಡಲು ಬಗ್ಗಿದಳು.

ಅವಳಿಗದು ತಮಾಷೆ. ಅಡಲೀನಳಿಗೆ ಹಾಗನ್ನಿಸಲಿಲ್ಲ. ಹಾಗಾದರೆ ಹರಕೆ ಇವತ್ತು ಮುರಿದದ್ದಲ್ಲ. ಯಾವತ್ತೂ ತೀರಿಸಿಯೇ ಇರಲಿಲ್ಲ. ಇವತ್ತಿನ ಆ ಒಂದು ಚರಣ ಬಡ್ಡಿಗಾದರೂ ಸಾಲುತ್ತದೆಯೇ? ಇಲ್ಲವೇ ಕ್ಲೆಮನ್ಸಳ ಮಾತೇ ತಪ್ಪಾಗಿ, ತಾನು ನಿಜಕ್ಕೂ ಆ ಚರಣಕ್ಕೆ ಮಗಳನ್ನು ಮಾರಿಬಿಟ್ಟೆನೆ? ಕೇಳೋಣವೆಂದರೆ ಉತ್ತರ ಹೇಳುವವನು ಮಾತಾಡುವುದಿಲ್ಲ.

ಹೊತ್ತು ಇಳಿಯುವ ಮುನ್ನ ಬಸ್ಸು ಹೊರಟಿತು. ಲೂಸೆಟ್ ಕಿಟಕಿಯಿಂದ ಬಗ್ಗಿ, "ಇಂಥ ದನಿ ಇಟ್ಕೊಂಡು ಯಾಕವ್ವ ನನ್ನತ್ರ ಬಚ್ಚಿಟ್ಟೆ?" ಅಂದಳು, ಹಿಂದೆಯೇ ಸಣ್ಣದಾಗಿ ಕೆಮ್ಮಿದಳು. ಅವ್ವ ಕೈ ಬೀಸಿದಳು.

ತಂಡ ಬಸ್ಸಿನಲ್ಲೇ ಹಾಡು ಶುರುಮಾಡಿತು. ಬಸ್ಸು ತಿರುವು ದಾಟುವವರೆಗೂ ಅಡಲೀನ್ ಆ ದನಿಗಳ ನಡುವೆ ಒಂದನ್ನೇ ಹುಡುಕುತ್ತಾ ರಸ್ತೆಯಲ್ಲಿ ನಿಂತಳು. ಹಾಡಬೇಕೋ, ಬಾಯಿ ಮುಚ್ಚಬೇಕೋ ತಿಳಿಯದೆ, ಮರದ ಮೇಲಿನ ಕಾಯಿಯ ಹಾಗೆ ಅವಳ ಬಾಯಿ ಅರ್ಧ ತೆರೆದೇ ಇತ್ತು.