ಚಿಗರಿಯನ್ನು ಬೆಳೆಸಿದ ಕುಂಚ

ತುದಿಗೆ ಅಳಿಲಿನ ಬಾಲದ ಕೂದಲು, ಹಿಂದೆ ಬಿದಿರಿನ ಕಡ್ಡಿ, ನಡುವೆ ಇವೆರಡನ್ನೂ ಬಿಗಿದು ಹಿಡಿದ ಕೋಳಿಗರಿಯ ಕೊಳವೆ. ನಾನೆಂದರೆ ಇಷ್ಟೇ. ಉದ್ದ ಒಂದು ಗೇಣು. ಕೊಪ್ಪಳದ ಕಡೆಯ ಒಂದು ಹಳ್ಳಿಯಲ್ಲಿ, ಮರದ ಬೊಂಬೆ ಮಾಡುವ ಚಿತ್ರಗಾರರ ಮನೆಯ ಅಂಗಳದಲ್ಲಿ ಹುಟ್ಟಿದೆ.

ನನ್ನನ್ನು ಕಟ್ಟಿದವನು ತಿಪ್ಪಣ್ಣಜ್ಜ. ಬೆಕ್ಕು ಕೊಂದು ಬಿಟ್ಟುಹೋದ ಅಳಿಲಿನ ಬಾಲವನ್ನು ಅವನು ತೊಳೆದು ಬಿಸಿಲಿಗೆ ಹಾಕಿದ್ದ. ಒಣಗಿದ ಮೇಲೆ ಕೂದಲನ್ನು ಒಂದೊಂದಾಗಿ ಆರಿಸಿ, ಡಬ್ಬಿಯ ಮುಚ್ಚಳದಲ್ಲಿ ತಟ್ಟಿ ತುದಿ ಸಮ ಮಾಡಿದ, ರೇಷ್ಮೆದಾರ ಸುತ್ತಿದ. ನಾಲಿಗೆಗೆ ಹಚ್ಚಿ ಮೊನೆ ಮಾಡಿ ತನ್ನ ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿದ.

"ಇರುವಿ ಕಾಲೂ ಬರೀತೈತಿ ಇದು. ಜ್ವಾಪಾನ ಮಾಡಪಾ" ಎಂದು ಮಗ ಯಮನೂರಪ್ಪನ ಕೈಗೆ ಕೊಟ್ಟ.

ಅಜ್ಜ ಮರುವರ್ಷ ತೀರಿಕೊಂಡ. ನಾನು ಯಮನೂರಪ್ಪನ ಕೈಯಲ್ಲಿ ಉಳಿದೆ. ದೇವಿಯ ಸೀರೆಯ ಅಂಚು, ಕುದುರೆಯ ಲಗಾಮು, ಗೌರಿಯ ಹುಬ್ಬು ನನ್ನ ಪಾಲಿನ ಕೆಲಸಗಳಾದವು. ಅವನ ಹೆಂಡತಿ ಗಾಳೆವ್ವ ಎದುರಿಗೆ ಕೂತು ಹುಣಸೆಬೀಜ ಅರೆಯುತ್ತಿದ್ದಳು. ಬೊಂಬೆಗೆ ಮೆತ್ತುವ ಅಂಟಿಗೆ ಅದು ಬೆಣ್ಣೆಯ ಹಾಗೆ ನುಣ್ಣಗಾಗಬೇಕು. ಅರೆಯುವುದು ಬೇಸರದ ಕೆಲಸ. ಅದಕ್ಕೇ ಅವಳು ಕಥೆ ಹೇಳುತ್ತಿದ್ದಳು. ಕೇಳುವವಳು ಒಬ್ಬಳೇ ಮಗಳು ಹುಲಿಗೆವ್ವ.

ಚಿಗರಿ ಎಂಬ ರಾಜನ ಮಗಳ ಕಥೆ ಅದು. ಎರಡು ತಲೆಯ ಹಕ್ಕಿಯೊಂದು ಅವಳನ್ನು ಎತ್ತಿಕೊಂಡು ಹೋಗಿ ಏಳು ಗುಡ್ಡದಾಚೆ ಇಳಿಸಿಬಿಡುತ್ತದೆ. ಅವಳು ನಡೆದುಕೊಂಡು ಮನೆಗೆ ಬರಬೇಕು.

"ಅವ್ವಾ, ಅಕಿ ಕಾಲಾಗ ಚಪ್ಲಿ ಅದಾವೇನು?"

"ಇಲ್ಲವಾ. ಬರಿಗಾಲು."

"ಮತ್ತ ಮುಳ್ಳು?"

"ಮುಳ್ಳನ್ನ ಮಾತಾಡ್ಸಿ ದಾರಿ ಕೇಳ್ತಾಳ."

"ಮುಳ್ಳು ಸುಳ್ಳು ಹೇಳಿದ್ರ?"

"ನಿನ್ನಂಗ ಅಧಿಕಪ್ರಸಂಗಿ ಮುಳ್ಳಿದ್ರ ಹೇಳತೈತಿ. ಸುಮ್ನ ಕೇಳು!"

ಆರು ತುಂಬಿದ ವರ್ಷ ಮಳೆಗಾಲದಲ್ಲಿ ಹುಲಿಗೆವ್ವನಿಗೆ ಜ್ವರ ಬಂತು. ಚಿಗರಿ ಆಗಿನ್ನೂ ಮೊದಲನೆಯ ಗುಡ್ಡದ ಬುಡದಲ್ಲಿದ್ದಳು. "ಆಮ್ಯಾಲೆ?" ಎಂದು ಹುಡುಗಿ ಕೇಳಿದಳು. "ನಾಳೆ ಹೇಳ್ತೀನಿ, ಈಗ ಮಲಕ್ಕೋ" ಎಂದಳು ತಾಯಿ. ಕೇಳುವವಳು ನಾಳೆಗೆ ಉಳಿಯಲಿಲ್ಲ.

ಆ ಮೇಲೆ ಗಾಳೆವ್ವ ಬೀಜ ಅರೆದಳು, ರೊಟ್ಟಿ ಬಡಿದಳು, ಬೊಂಬೆಗಳಿಗೆ ಬಿಳಿ ಹಚ್ಚಿದಳು. ಮಾತು ಮಾತ್ರ ಆಡಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಒಂದು ಮಧ್ಯಾಹ್ನ ನಾನು ಕೃಷ್ಣನ ಬೊಂಬೆಯ ಪಂಚೆಯ ಅಂಚಿನಲ್ಲಿದ್ದೆ. ಅರೆಯುವ ಕಲ್ಲು ತಟ್ಟನೆ ನಿಂತಿತು.

"ಆಮ್ಯಾಲೆ ಚಿಗರಿ ಏನ್ ಮಾಡಿದ್ಲು ಗೊತ್ತೇನ್ರೀ?"

ಕೃಷ್ಣನ ಮೊಣಕಾಲಿನ ಮೇಲೆ ಅಡ್ಡಗೆರೆ ಬಿತ್ತು. ಯಮನೂರಪ್ಪ ಅದನ್ನು ಒರೆಸಲಿಲ್ಲ. "ಏನ್ ಮಾಡಿದ್ಲು?" ಎಂದ.

ಅವಳು ಹೇಳಿದಳು. ಮಗಳಿದ್ದಾಗ ಇದ್ದ ಅದೇ ದನಿಯಲ್ಲಿ ಹೇಳಿದಳು. ದನಿ ಮತ್ತೆ ನಿಂತುಬಿಟ್ಟೀತೆಂಬ ಭಯಕ್ಕೋ ಏನೋ, ಅವನು ಬೊಂಬೆ ಬದಿಗಿಟ್ಟು ಕಾಗದ ಎಳೆದುಕೊಂಡು ಅವಳು ಹೇಳಿದ್ದನ್ನೆಲ್ಲ ಚಿತ್ರವಾಗಿ ಬರೆಯುತ್ತ ಹೋದ. ನಾನು ಮೊದಲ ಸಲ ಕಾಗದದ ಮೇಲೆ ನಡೆದದ್ದು ಅವತ್ತು.

ಮರದ ಮೇಲಿನ ಕೆಲಸ ಒಂದು ಬಗೆ, ಕಾಗದದ್ದು ಇನ್ನೊಂದು. ಬೊಂಬೆ ಒಂದೇ ಭಂಗಿಯಲ್ಲಿ ನಿಂತಿರುತ್ತದೆ. ಇಲ್ಲಿ ಪುಟವನ್ನು ಚೌಕಚೌಕವಾಗಿ ಮಾಡಿ, ಒಂದು ಚೌಕದಲ್ಲಿ ಎತ್ತಿದ ಕಾಲನ್ನು ಮುಂದಿನದರಲ್ಲಿ ಊರಿಸಬೇಕು. ಯಮನೂರಪ್ಪನಿಗೆ ಯಾರೂ ಕಲಿಸಿದ್ದಲ್ಲ. ಎರಡು ತಲೆಯ ಹಕ್ಕಿಗೆ ಗರುಡನ ಬೊಂಬೆಯ ರೆಕ್ಕೆ ಹಚ್ಚಿದ, ಒಂದೊಂದು ಗರಿಯನ್ನೂ ಬಿಡಿಸಿದ. ಏಳು ಗುಡ್ಡಗಳಿಗೆ ನಮ್ಮೂರಿನ ಬಂಡೆಗಳೇ ಬಂದವು, ಒಂದರ ಮೇಲೊಂದು ಕೂತ ದುಂಡುಗಲ್ಲುಗಳು. ಅವಕ್ಕೆ ಕಣ್ಣು ರೆಪ್ಪೆ ಕೊಟ್ಟ, ಅವು ಮಾತಾಡಿದವು. ಚಿಗರಿಗೆ ಮಾತ್ರ ಅವನು ಮುಖ ಹುಡುಕಲಿಲ್ಲ. ಅದು ತಾನಾಗಿ ಹುಲಿಗೆವ್ವನ ಮುಖವಾಗಿ ಬಂತು. ಗಂಡ ಹೆಂಡತಿ ಇಬ್ಬರೂ ಅದನ್ನು ನೋಡಿದರು.

ಗದುಗಿನಿಂದ ಸಾಲಿಮಠ ಎಂಬುವರು ಗೌರಿ ಬೊಂಬೆ ಒಯ್ಯಲು ಬಂದಿದ್ದರು. ಮಕ್ಕಳ ಮಾಸಪತ್ರಿಕೆಯೊಂದರ ಸಂಪಾದಕರು. ಮೂಲೆಯಲ್ಲಿದ್ದ ಹಾಳೆಗಳನ್ನು ಎತ್ತಿ ನೋಡಿ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ಗೌರಿಯನ್ನು ಮರೆತು ಹಾಳೆಗಳನ್ನು ಒಯ್ದರು.

ಹಾಗೆ 'ಏಳು ಗುಡ್ಡದ ಚಿಗರಿ' ತಿಂಗಳಿಗೊಮ್ಮೆ ಅಚ್ಚಾಗತೊಡಗಿತು. ಎಲ್ಲೆಲ್ಲಿಯೋ ಮಕ್ಕಳು ಅದನ್ನು ಓದಿ ಕಾರ್ಡು ಬರೆದರು. ನಿಂತೇ ನಿದ್ದೆ ಮಾಡುವ ಜನರ ಊರು, ಗುಡುಗನ್ನು ಗಡಿಗೆಯಲ್ಲಿ ಮುಚ್ಚಿಟ್ಟುಕೊಂಡ ರಕ್ಕಸ, ಹರಿಯುವುದನ್ನು ಮರೆತ ಹೊಳೆ, ಎಲ್ಲವೂ ಗಾಳೆವ್ವನ ಬಾಯಿಂದ ಬಂದು ನನ್ನ ಮೊನೆಯಿಂದ ಇಳಿದವು. ರಕ್ಕಸನಿಗೆ ಊರ ಹಿಟ್ಟಿನ ಗಿರಣಿ ಬಸಲಿಂಗಪ್ಪನ ಮೀಸೆ ಬಂದುಬಿಟ್ಟಿತು. ಅವನು ಪತ್ರಿಕೆ ಸುರುಳಿ ಸುತ್ತಿಕೊಂಡು ಮನೆಗೇ ಬಂದ.

"ಏ ಯಮನೂರಾ, ನನ್ನ ಮೀಸಿ ರಕ್ಕಸಗ ಕೊಟ್ಟೀಯಂತಲ್ಲೋ!"

"ತಪ್ಪಾತ್ರೀ ಗೌಡ್ರ..."

"ತಪ್ಪಲ್ಲೋ, ಎಡಗಡೆ ತಿರುವು ಸಣ್ಣದಾಗೈತಿ. ಮುಂದಿನ ತಿಂಗಳ ಚಲೋತ್ನಂಗ ಬರಿ."

ಗಾಳೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಗಳು ಹೋದ ಮೇಲೆ ಅವಳ ನಗೆ ನಾನು ಕೇಳಿದ್ದು ಅದೊಂದೇ ಸಲ.

ಯುಗಾದಿಯ ಸಂಚಿಕೆ ಬರೆಯುವಾಗ ಅವಳು ಬಗ್ಗಿ ನೋಡಿ, "ಲಂಗ ಗಿಡ್ಡಾಗೈತ್ರಿ ಅಕಿಗೆ. ಒಂದ್ ಬೆರಳು ಇಳಸ್ರಿ" ಎಂದಳು. ಯಮನೂರಪ್ಪ ಅವಳನ್ನೇ ನೋಡಿದ. ಇಳಿಸಿದ. ಮರುವರ್ಷ ಇನ್ನೊಂದು ಬೆರಳು. ಅದರ ಮರುವರ್ಷ ಕೆನ್ನೆಯ ಗುಂಡು ಇಳಿಯಿತು, ಕತ್ತು ಉದ್ದವಾಯಿತು, ಮೂಗಿಗೆ ನತ್ತು ಬಂತು. ಹುಲಿಗೆವ್ವ ಬದುಕಿದ್ದರೆ ಎಷ್ಟು ದೊಡ್ಡವಳಾಗಿರುತ್ತಿದ್ದಳೋ ಚಿಗರಿ ಅಷ್ಟು ದೊಡ್ಡವಳಾಗುತ್ತಿದ್ದಳು. ಕಥೆ ನಡೆದಷ್ಟು ಕಾಲ ಅವರ ಮಗಳು ಬೆಳೆಯುತ್ತಿದ್ದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇರಲಿಲ್ಲ.

ಪತ್ರಿಕೆಯಲ್ಲಿ ಇದು ನಡೆಯುವ ಮಾತಲ್ಲ. ಚಿತ್ರಕಥೆಯ ಹುಡುಗಿ ಎಷ್ಟು ವರ್ಷವಾದರೂ ಹುಡುಗಿಯಾಗಿಯೇ ಇರಬೇಕು. ಸಾಲಿಮಠರು ಹೇಳಿ ಕಳಿಸಿದರು. ಯಮನೂರಪ್ಪ ಹೆದರಿ, ಆ ತಿಂಗಳು ಚಿಗರಿಯನ್ನು ಮೊದಲಿನಂತೆ ಸಣ್ಣದಾಗಿ ಬರೆದ. ಗಾಳೆವ್ವ ಹಾಳೆ ನೋಡಿದಳು. ಎದ್ದು ಒಳಗೆ ಹೋದಳು. ಅವತ್ತಿನಿಂದ ಕಥೆ ನಿಂತಿತು. ಮಾತೂ ನಿಂತಿತು. ಮುಂದಿನ ಸಂಚಿಕೆಗೆ ಪುಟವೇ ಹೋಗದಿದ್ದಾಗ ಸಾಲಿಮಠರು ಬಸ್ಸು ಹತ್ತಿ ಬಂದರು.

"ಏನ್ ಮಾಡ್ಲೆವ್ವಾ? ಇಕಿ ಬ್ಯಾರೆ ಹುಡುಗಿ ಏನು ಅಂತ ಹುಡುಗ್ರು ಕೇಳ್ತಾವ" ಎಂದರು.

ಗಾಳೆವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನಿಮ್ಮ ಮನ್ಯಾಗ ಮಕ್ಕಳು ಬೆಳ್ಯಂಗಿಲ್ಲೇನ್ರೀ ಸರ? ಆರು ವರ್ಷದಾಕಿ ಎಷ್ಟ್ ದಿನ ಆರು ವರ್ಷದಾಕಿ ಆಗಿ ಇರಬೇಕು?"

ಸಾಲಿಮಠರು ಗೋಡೆಗೆ ನೇತುಹಾಕಿದ್ದ ಹುಲಿಗೆವ್ವನ ಸಣ್ಣ ಲಂಗವನ್ನು ಆಗಷ್ಟೇ ಕಂಡರು. ಚಹಾ ಬಟ್ಟಲು ಕೆಳಗಿಟ್ಟರು. "ಬೆಳೀಲಿ ಬಿಡವ್ವಾ" ಎಂದು ಎದ್ದರು. ಚಿಗರಿ ಎಲ್ಲರಂತೆ ಬೆಳೆಯುವ ಹುಡುಗಿ ಎಂದು ಮುಂದಿನ ಸಂಚಿಕೆಯಲ್ಲಿ ಅವರೇ ಬರೆದರು. ಮಕ್ಕಳು ಒಪ್ಪಿಕೊಂಡವು. ಮಕ್ಕಳಿಗೆ ಅದು ಗೊತ್ತಿದ್ದ ವಿಷಯವೇ.

ಚಿಗರಿ ಆರನೆಯ ಗುಡ್ಡ ದಾಟುವ ಹೊತ್ತಿಗೆ ಅವಳ ಲಂಗದ ಮೇಲೆ ದಾವಣಿ ಬಂದಿತ್ತು. ಆ ವರ್ಷವೇ ಪತ್ರಿಕೆಯ ಮಾಲೀಕರು ಅದನ್ನು ಮುಚ್ಚುವ ಮಾತಾಡಿದರು. ಓದುವವರು ಉಳಿದಿಲ್ಲವಂತೆ. ಸಾಲಿಮಠರು ಮತ್ತೆ ಬಂದರು, ಈ ಸಲ ಒಳಗೆ ಬರದೆ ಯಮನೂರಪ್ಪನನ್ನು ಹೊರಗೆ ಕರೆದು ಹೇಳಿದರು. ಒಂದೇ ಒಂದು ಸಂಚಿಕೆ ಉಳಿದಿದೆ. ಕಥೆಯನ್ನು ಮುಗಿಸಬೇಕು.

ಅವನು ಬಂದು ಹೆಂಡತಿಗೆ ಹೇಳಿದ. ಅವಳು ಅಳಲಿಲ್ಲ. ಅರೆಯುತ್ತಿದ್ದ ಬೀಜವನ್ನು ಪೂರ್ತಿ ಅರೆದು, ಅಂಟು ತೆಗೆದಿಟ್ಟು, ಕೈ ತೊಳೆದುಕೊಂಡು ಬಂದು ಕೂತಳು.

"ಹಂಗಾರ ಅಕಿ ಮನೀಗೆ ಬರ್ಲಿ" ಎಂದಳು.

ಏಳನೆಯ ಗುಡ್ಡವನ್ನು ಅವರು ನಾಲ್ಕೇ ಪುಟಗಳಲ್ಲಿ ದಾಟಿಸಿದರು. ಕೊನೆಯ ಪುಟಕ್ಕೆ ಒಂದೇ ದೊಡ್ಡ ಚೌಕ. ಯಮನೂರಪ್ಪ ಅರಮನೆಗೆ ತನ್ನ ಮನೆಯ ಬಾಗಿಲನ್ನೇ ಇಟ್ಟ. ಎತ್ತರದ ಹುಡುಗಿಯೊಬ್ಬಳು ತಲೆ ಬಗ್ಗಿಸಿ ಹೊಸ್ತಿಲು ದಾಟುತ್ತಿದ್ದಾಳೆ. ಚೆಂದದ ಚಿತ್ರ. ನನಗೂ ಹೆಮ್ಮೆಯಾಗಿತ್ತು.

ಗಾಳೆವ್ವ ಹಾಳೆಯನ್ನು ಬೆಳಕಿಗೆ ಹಿಡಿದಳು.

"ಇಕಿ ಯಾರ್ರೀ?"

"ಯಾರಂದ್ರ? ಚಿಗರಿ."

"ನನ್ನ ಮನಿ ಬಿಟ್ಟು ಹೋದಾಕಿ ಸಣ್ಣಾಕಿ. ಸಣ್ಣಾಕೀನ ಬರಬೇಕು."

ಅವನು ಹೊಸ ಹಾಳೆ ತೆಗೆದು ಬಾಗಿಲು ಬರೆದ, ಹೊಸ್ತಿಲು ಬರೆದ, ಹೊಸ್ತಿಲ ಮೇಲೆ ಆರು ವರ್ಷದ ಹುಡುಗಿಯ ಮುಖ ಬರೆಯಹೋದ. ಬಂದದ್ದು ದೊಡ್ಡವಳ ಮುಖ, ಸಣ್ಣ ಮೈಮೇಲೆ. ಹರಿದ. ಮತ್ತೆ ಬರೆದ, ಮತ್ತೆ ಹರಿದ. ಹಳೆಯ ಸಂಚಿಕೆ ತೆಗೆದು ನೋಡಿದ. ಅಲ್ಲಿದ್ದವಳೂ ಈಗ ಬರೀ ಕಥೆಯ ರಾಜಕುಮಾರಿಯಾಗಿ ಕಂಡಳು. ಹುಲಿಗೆವ್ವನದೊಂದು ಫೋಟೋ ಯಾರೂ ತೆಗೆಸಿರಲಿಲ್ಲ. ಅವನ ಬೆರಳು ನನ್ನನ್ನು ಹಿಡಿದೇ ಇತ್ತು, ಹೋಗಬೇಕಾದ ದಿಕ್ಕು ಮಾತ್ರ ಅದಕ್ಕೆ ಗೊತ್ತಿರಲಿಲ್ಲ.

"ಅಕಿ ಮುಖ ಬರವಲ್ದು ಗಾಳೆವ್ವಾ" ಎಂದ. "ಬೆಳಸಿ ಬೆಳಸಿ ಕಳಕೊಂಡ್ಬಿಟ್ನಿ."

ಗಾಳೆವ್ವ ಕಣ್ಣು ಮುಚ್ಚಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ನೀವ್ ಬರದ ಚಿಗರೀನ ಕಾಣ್ತಾಳ್ರೀ" ಎಂದಳು.

ಚಿತ್ರಗಾರರ ಮನೆಗಳಲ್ಲಿ ಹೆಂಗಸರು ಅಂಟು ಅರೆಯುತ್ತಾರೆ, ಬಿಳಿ ಹಚ್ಚುತ್ತಾರೆ. ಕುಂಚ ಗಂಡಸರದು. ಅದನ್ನು ಯಾರೂ ಕಾನೂನು ಮಾಡಿಟ್ಟಿಲ್ಲ, ಹಾಗೇ ನಡೆದು ಬಂದಿದೆ. ಗಾಳೆವ್ವ ಕೈ ಚಾಚಿದಳು. ಯಮನೂರಪ್ಪ ನನ್ನನ್ನು ಕೊಟ್ಟ.

ಅವಳು ನನ್ನನ್ನು ಕುಂಚದಂತೆ ಹಿಡಿಯಲಿಲ್ಲ, ಬಾಚಣಿಗೆಯಂತೆ ಹಿಡಿದಳು. ಮುಖದ ತಂಟೆಗೇ ಹೋಗಲಿಲ್ಲ. ನೆತ್ತಿಯಿಂದ ಶುರುಮಾಡಿದಳು. ಬೈತಲೆ ಒಂಚೂರು ಸೊಟ್ಟ, ಹುಡುಗಿ ಅಲ್ಲಾಡಿದಳೇನೋ ಎಂಬಂತೆ. ಬಲಗಡೆ ದಪ್ಪ ಜಡೆ, ಎಡಗಡೆ ತೆಳ್ಳನೆಯದು. ಒಂದೊಂದು ಹೆಣಿಗೆಯನ್ನೂ ಎಳೆದು ಬಿಗಿ ಮಾಡಿದಳು. ಎಲ್ಲಿಯೂ ತಡೆಯಲಿಲ್ಲ, ಯೋಚಿಸಲಿಲ್ಲ. ಕಣ್ಣು ಮರೆತದ್ದನ್ನು ಬೆರಳು ಮರೆತಿರಲಿಲ್ಲ. ಕಿವಿಯ ಹಿಂದೆ ಬಿಟ್ಟುಹೋದ ಸಣ್ಣ ಕೂದಲನ್ನೂ ಬರೆದು, ರಿಬ್ಬನ್ನು ಕಟ್ಟಿ, "ಹೋಗು" ಎಂದಳು.

ಹಾಳೆಯ ಮೇಲೆ ಬೆನ್ನು ತಿರುಗಿಸಿದ ಒಂದು ಸಣ್ಣ ಹುಡುಗಿ ಬಾಗಿಲೊಳಗೆ ಹೋಗುತ್ತಿದ್ದಳು. ಯಮನೂರಪ್ಪ ಅದನ್ನು ನೋಡಿ, ನೋಡಿ, ಗೋಡೆಗೆ ಹಣೆ ಒತ್ತಿ ಅತ್ತ.

ಅವತ್ತು ನನ್ನನ್ನು ಯಾರೂ ತೊಳೆಯಲಿಲ್ಲ. ಸಾಲಿಮಠರು ಗದುಗಿನಿಂದ ಕಳಿಸಿದ ಶೀಸೆಯ ಶಾಯಿ ಒಣಗಿದರೆ ಕಲ್ಲಾಗುತ್ತದೆ. ಬೆಳಗಾಗುವಷ್ಟರಲ್ಲಿ ನನ್ನ ಕೂದಲೆಲ್ಲ ಒಂದಾಗಿ ಮುಳ್ಳಿನ ಹಾಗೆ ನಿಂತಿತ್ತು. ಕೆಲವು ದಿನ ಕಳೆದ ಮೇಲೆ ಯಮನೂರಪ್ಪ ನೆನಪಾಗಿ ನನ್ನನ್ನು ಬಿಸಿನೀರಿಗೆ ಇಳಿಸಹೋದ. ಗಾಳೆವ್ವ ಅವನ ಕೈ ಹಿಡಿದಳು.

"ಬ್ಯಾಡ್ರೀ. ಹಂಗ ಇರ್ಲಿ."

ಈಗ ಬೊಂಬೆಗಳಿಗೆ ಅಂಗಡಿಯಿಂದ ತಂದ ಬೇರೆ ಕುಂಚವಿದೆ. ನಾನು ಗೋಡೆಯ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಮಲಗಿದ್ದೇನೆ. ಗಾಳೆವ್ವ ಬೀಜ ಅರೆಯುತ್ತಾಳೆ, ಬೇಕಾದಷ್ಟು ಮಾತಾಡುತ್ತಾಳೆ, ಕಥೆ ಹೇಳುವುದಿಲ್ಲ. ಬಾಗಿಲ ಕಡೆ ನೋಡುವುದನ್ನೂ ಬಿಟ್ಟಿದ್ದಾಳೆ. ತೊಳೆಸಿಕೊಂಡು ಹಿಂದಿನ ಬಣ್ಣ ಮರೆತರೆ ಮಾತ್ರ ಕುಂಚಕ್ಕೆ ಮುಂದಿನ ಬಣ್ಣ. ನನಗೆ ಮುಂದಿನದು ಬೇಡವಾಗಿದೆ. ನನ್ನೊಳಗೆ ಗಟ್ಟಿಯಾಗಿ ನಿಂತಿರುವುದು ಒಬ್ಬ ಸಣ್ಣ ಹುಡುಗಿಯ ಜಡೆಯ ಕಪ್ಪು.