ಜಲಪ್ರಹರಿಯಲ್ಲಿ ನನ್ನ ಜಾಗ

ಕಾಫಿಯ ಹಬೆ ಅವನ ಮೀಸೆಗೆ ತಾಗುತ್ತಿದೆ, ಮೀಸೆಗೆ ಬಣ್ಣ ಹಾಕಿಸಿದ್ದಾನೆ ಮನೋಹರ, ಹಾಕಿಸಲಿ, ಈ ಕ್ಯಾಂಪ್ ಬಡಾವಣೆಯಲ್ಲಿ ಇಷ್ಟೆಲ್ಲ ಹೋಟೆಲುಗಳಿದ್ದೂ ಸೀದಾ ನನ್ನ ಹೋಟೆಲಿಗೇ ಬಂದು ಕೂತಿದ್ದಾನೆ, ಪಂಕಜಾಕ್ಷಿ ಗಲ್ಲಾ ಬಿಟ್ಟೆದ್ದು ತಾನೇ ಬನ್ಸ್ ತಂದಿಡುತ್ತಿದ್ದಾಳೆ, ಕಟ್ಟಿಕೊಂಡ ಗಂಡ ನನಗೆ ಒಮ್ಮೆಯಾದರೂ ಹೀಗೆ ನಗುತ್ತ ಬಡಿಸಿದ್ದಾಳೆಯೇ, ನೀವೇ ಅಲ್ವಾ ಮಾರಾಯ್ರೆ ಆ ಮೀನುಗಾರರನ್ನು ಕಾಪಾಡಿದ್ದು, ಇವರು ಒಂದು ದಿನ ಸರಿಯಾಗಿ ಹೇಳಿದವರಲ್ಲ ಎನ್ನುತ್ತಿದ್ದಾಳೆ — ಹೇಗೆ ಹೇಳಲಿ, ಜಲಪ್ರಹರಿ ನನ್ನ ಹಡಗು, ಪುಟ್ಟ ಕಾವಲು ಹಡಗು, ನೌಕಾಪಡೆಯ ದೊಡ್ಡ ಹಡಗುಗಳವರು ಅದನ್ನು ದೋಣಿ ಎಂದು ನಗುತ್ತಿದ್ದರು, ಸೇವೆಗೆ ಇಳಿಸಿದ ದಿನ ಅದರ ಮುಂದೆ ತೆಂಗಿನಕಾಯಿ ಒಡೆದಾಗ ಸಾಲಿನಲ್ಲಿ ನಿಂತವನು ನಾನು, ಮನೋಹರ ಇರಲಿಲ್ಲ, ಕಡಲಿನ ತೈಲಬಾವಿಗಳ ಸುತ್ತ ಗಸ್ತು ತಿರುಗಿದ್ದು ನಾನು, ಕಳ್ಳಸಾಗಣೆಯವರೆಂದು ಒಂದು ದೋಣಿಯನ್ನು ಬೆನ್ನಟ್ಟಿ ಹಿಡಿದರೆ ಒಳಗೆ ಬರೀ ಈರುಳ್ಳಿ, ವಾರವಿಡೀ ನಗು, ಆ ನಗುವಿನಲ್ಲೂ ನಾನಿದ್ದೆ, ತುಕ್ಕು ಕೆರೆದೆ, ಬಣ್ಣ ಬಳಿದೆ, ರಬ್ಬರ್ ದೋಣಿ ನೀರಿಗಿಳಿಸಿದರೆ ಮುಂದೆ ಕೂರುವವನು ಧರ್ಮರಾಜನೇ ಎಂದು ಕ್ಯಾಪ್ಟನ್ ಸಾಹೇಬರೇ ನನ್ನನ್ನು ತೋರಿಸಿ ಹೇಳಿದ್ದರು — ಆಮೇಲೆ ಮದುವೆಗೆಂದು ರಜೆ ಹಾಕಿ ಉಡುಪಿಗೆ ಹೋದೆ, ಆ ವಾರವೇ ಬಿರುಗಾಳಿ ಎದ್ದು ಮೀನುಗಾರರ ದೋಣಿ ಮಗುಚಬೇಕೇ, ನನ್ನ ಜಾಗದಲ್ಲಿ ಇವನು ಕೂರಬೇಕೇ, ನಾನು ಪೇಟ ಕಟ್ಟಿಕೊಂಡು ಮಂಟಪದಲ್ಲಿ ಕೂತ ಹೊತ್ತಿಗೆ ಇವನು ಮನುಷ್ಯರನ್ನು ನೀರಿನಿಂದ ಎತ್ತುತ್ತಿದ್ದ, ಪದಕ ಬಂತು, ಪೇಪರಿನಲ್ಲಿ ಫೋಟೊ ಬಂತು, ಅಲ್ಲಿಂದ ಹಡಗಿನ ಚರಿತ್ರೆ ಎಂದರೆ ಆ ಒಂದೇ ದಿನ, ಆ ದಿನ ಎಂದರೆ ಮನೋಹರ.

ಹೋದ ತಿಂಗಳು ಆ ಹಡಗನ್ನು ಸೇವೆಯಿಂದ ಬಿಡುಗಡೆ ಮಾಡಿದಾಗಲೂ ಕರೆ ಬಂದದ್ದು ಇವನಿಗೆ, ಕೊನೆಯ ಧ್ವಜ ಮಡಚಿ ಕೊಟ್ಟದ್ದು ಇವನ ಕೈಗೆ, ಇನ್ನು ಗುಜರಿಗೆ ಎಳೆದೊಯ್ಯುತ್ತಾರಂತೆ, ಒಡೆಯಲಿ, ಚೂರುಚೂರು ಮಾಡಲಿ, ಇವನ ಬಾಯಲ್ಲಿ ಉಳಿಯುವುದಕ್ಕಿಂತ — ಥೂ, ಏನು ಯೋಚಿಸುತ್ತಿದ್ದೇನೆ, ಪಂಕಜಾಕ್ಷಿ ಒಳಗೆ ಹೋದಳು, ಇವನು ಬನ್ಸ್ ಮುಟ್ಟಿಲ್ಲ, ನನ್ನತ್ತ ಬಾಗಿ ಹೇಳುತ್ತಿದ್ದಾನೆ, ಧರ್ಮಾ, ಧ್ವಜ ಕೈಯಾಗ ಕೊಟ್ರಲ್ಲ, ಆವಾಗ ಅವನ ನೆನಪಾತು ನೋಡು, ಆ ಮೀನುಗಾರರಾಗ ಕಡೀಕೊಬ್ಬ ಇದ್ದ, ಮಣಿಕಟ್ಟಿಗೇ ಹಿಡದಿದ್ದೆ, ಡೀಸೆಲ್ ಎಣ್ಣಿ ಮೆತ್ತಿತ್ತು, ಜಾರಿಬಿಡ್ತು, ನನ್ನ ಮಾರಿ ನೋಡ್ಕೋತನ ಹೋದ, ನೀ ಇದ್ದಿದ್ರ ಬಿಡ್ತಿರ್ಲಿಲ್ಲ, ನಿನ್ನ ಹಿಡಿತ ಭಾಳ ಗಟ್ಟಿ ಇತ್ತು — ಅಳುತ್ತಿದ್ದಾನೆ, ನನ್ನ ಹೋಟೆಲಿನಲ್ಲಿ ಕೂತು ಮನೋಹರ ಅಳುತ್ತಿದ್ದಾನೆ, ಪಕ್ಕದ ಮೇಜಿನಿಂದ ಯಾರೋ ಮರಾಠಿಯಲ್ಲಿ ಎರಡು ಕಾಫಿ ಕೇಳುತ್ತ ಅಣ್ಣಾ ದೋನ್ ಕಾಫಿ ಎನ್ನುತ್ತಿದ್ದಾರೆ, ಇವನ ಹೆಗಲಿಗೆ ಕೈ ಹಾಕಬೇಕು, ನನ್ನಿಂದಲೂ ಆಗ್ತಿರಲಿಲ್ಲ ಮಾರಾಯ ಎನ್ನಬೇಕು, ಅಷ್ಟು ಕೇಳಲೆಂದೇ ಬಂದಿದ್ದಾನೆ ಇವನು, ಅಷ್ಟು ಸಾಕು ಇವನಿಗೆ, ಆದರೆ ಕಾಫಿ ತಣಿಯಿತು, ಬೇರೆ ತರಿಸ್ತೇನೆ ಎನ್ನುತ್ತಿದ್ದೇನೆ, ಛೆ, ಇದನ್ನೇ ಎನ್ನುತ್ತಿದ್ದೇನೆ, ಯಾಕೆಂದರೆ ನಾನು ಬಿಡುತ್ತಿರಲಿಲ್ಲ, ಬಿಟ್ಟಿದ್ದರೂ, ಜಾರಿ ಹೋದವನಾದರೂ ನನ್ನವನಾಗುತ್ತಿದ್ದ, ನನ್ನ ಮುಖ ನೋಡಿ ಹೋಗುತ್ತಿದ್ದ, ಅದೂ ಇವನ ಪಾಲಿಗೇ ಬಂತಲ್ಲ, ಮೇಜಿನ ಮೇಲೆ ಇವನ ಅಂಗೈ ತೆರೆದು ಬಿದ್ದಿದೆ, ಅದರಲ್ಲಿ ನನಗೂ ಕಾಣುತ್ತಿದೆ ಎಣ್ಣೆ ಮೆತ್ತಿದ ಮಣಿಕಟ್ಟು, ಜಾರುತ್ತಿದೆ, ನೀರೊಳಗಿನ ಆ ಮುಖ ನನ್ನನ್ನು ನೋಡುತ್ತಿಲ್ಲ, ಇವನನ್ನೇ ನೋಡುತ್ತಿದೆ, ಎಣ್ಣೆ ಮೆತ್ತಿದ ಮಣಿಕಟ್ಟು, ಆ ಮಣಿಕಟ್ಟು —